ಪದ ಬೇಕು (ತುರ್ತು): ಬಿಸಿಗಡಲ ಮೀನಿಗೆ ಬಳಸುವ ‘ಫ್ಲೈ ಲೈನ್’

ಬಹಾಮಾಸ್, ಫ್ಲಾರಿಡಾ ಕೀಸ್ ಕಡೆ ಬೋನ್‌ಫಿಶ್ ಹಿಡಿಯುವವರ ಕೈಪಿಡಿ, ನಾಳೆ ಅಚ್ಚಿಗೆ. ‘ಫ್ಲೈ’ ಎಂದರೆ ಮೀನನ್ನು ಮರುಳುಮಾಡಲು ಗಾಳಕ್ಕೆ ಕಟ್ಟುವ ಹುಸಿ ತಿನಿಸು, ಅದನ್ನು ಎಸೆಯುವ ದಾರ ‘ಫ್ಲೈ ಲೈನ್’. ‘ಟ್ರಾಪಿಕಲ್ ಫ್ಲೈ ಲೈನ್, ಡಬ್ಲ್ಯುಎಫ್-8-ಎಫ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಅನುವಾದದ ಯಂತ್ರ ‘ಉಷ್ಣವಲಯದ ನೊಣ ಸಾಲು’ ಎಂದಿತು. ನಾನು ‘ನೊಣದ ಹುರಿ’ ಎಂದಿದ್ದೇನೆ, ನಡೆದೀತೆ? ‘ಕೋರ್’, ‘ಕೋಟಿಂಗ್’, ‘ಮೆಮೊರಿ’ಗೂ ಪದ ಬೇಕು.
— ವೀ.

> ನೊಣದ ಹುರಿ

ನಡೆಯದು. ಹುರಿ ಎಂದರೆ ಹೊಸೆದದ್ದು. ಈ ಲೈನಿನ ಒಳಗಿರುವುದು ಒಂಟಿ ಎಳೆಯ ಇಲ್ಲವೆ ಹೆಣೆದ ಮಾನೊಫಿಲಮೆಂಟ್ (ನೈಲಾನ್ ತಂತು). ಹೊಸೆತ ಎಲ್ಲಿದೆ? ‘ಕೋರ್’ಗೆ ತಿರುಳು, ‘ಕೋಟಿಂಗ್’ಗೆ ಹೊದಿಕೆ ಅನ್ನಿ. ‘ಮೆಮೊರಿ’ಗೆ ‘ನೆನಪು’ ಹಾಕಿ ನಗೆಪಾಟಲಾಗಬೇಡಿ. ರೀಲಿನಿಂದ ಬಿಚ್ಚಿದ ಮೇಲೂ ಸುರುಳಿ ಬಿಡದ ಗುಣ ಅದು, ‘ಸುರುಳಿಪಟ್ಟು’ ಸಾಕು. ‘ಉಷ್ಣವಲಯ’ವೂ ಬೇಡ, ಅದು ಭೂಗೋಳದ ಪಾಠ. ಇಲ್ಲಿ ಮಾತು ಗಡಸುತನದ್ದು: ತಣ್ಣೀರಿನ ಲೈನ್ 30 ಡಿಗ್ರಿ ಸೆಕೆಗೆ ಮೆತ್ತಗಾಗಿ ರಾಡಿನ ಬಳೆಗಳಿಗೆ ಅಂಟುತ್ತದೆ, ಎಸೆತ ಗಿಡ್ಡವಾಗುತ್ತದೆ. ಬಿಸಿಗಡಲಿನ ಗಡಸು ಲೈನನ್ನು ತಣ್ಣನೆಯ ಹೊಳೆಗೆ ಒಯ್ದರೆ ತಂತಿಯ ಹಾಗೆ ಸುತ್ತಿಕೊಳ್ಳುತ್ತದೆ. ‘ಬಿಸಿನೀರಿನ ಲೈನ್’ ಎಂದು ಬರೆಯಿರಿ.
— ರಾ.

ಬಿಸಿನೀರಿನ ಲೈನ್ ಅಂದರೆ ಗೀಸರಿನ ಪೈಪು ಅಂದುಕೊಂಡಾರು. ಕರಾವಳಿಯಲ್ಲಿ ಗಾಳದ ದಾರಕ್ಕೆ ‘ತಂಗೂಸಿ’ ಎಂಬ ಪದ ಇರುವಾಗ ಇಂಗ್ಲಿಷಿನ ‘ಲೈನ್’ ಯಾಕೆ? ‘ಫ್ಲೈ’ಗೆ ‘ಹುಸಿ ಎರೆ’. ಎರೆಹುಳುವಿನ ‘ಎರೆ’ ಗಾಳದ ತಿನಿಸೇ. ತಮಿಳಿನ ‘ಇರೈ’ ನೋಡಿ.
— ಸು.

ಎರೆಹುಳುವಿನ ಎರೆ ಎರೆಮಣ್ಣಿನದು.
— ಕೃ.

ಕಪ್ಪು ಮಣ್ಣೇ ಇಲ್ಲದ ಊರಲ್ಲೂ ಅದು ಎರೆಹುಳುವೇ ಸ್ವಾಮಿ.
— ಸು.

ತಂಗೂಸಿ ಬರೀ ನೈಲಾನ್ ಎಳೆ. ಲೈನಿನ ತುದಿಗೆ ಕಟ್ಟುವ 9–12 ಅಡಿ ಲೀಡರಿಗೆ ಒಪ್ಪುತ್ತದೆ, ಲೈನಿಗಲ್ಲ. ಇಲ್ಲಿ ಎರೆಗೆ ತೂಕವಿಲ್ಲ, ಅದನ್ನು ಹೊತ್ತೊಯ್ಯುವುದೇ ಲೈನಿನ ತೂಕ. ‘8’ ಎಂದರೆ ಮೊದಲ 30 ಅಡಿ 210 ಗ್ರೇನ್, ಸುಮಾರು 13.6 ಗ್ರಾಂ. ಅದನ್ನು ಪೌಂಡಿನ ತಾಳಿಕೆ ಎಂದು ಅನುವಾದಿಸಿದಿರೋ, ಕೈಪಿಡಿ ಕೆಟ್ಟಿತು. ‘ಡಬ್ಲ್ಯುಎಫ್’ (ವೇಟ್ ಫಾರ್ವರ್ಡ್) ಮುಂಭಾರ, ಕೊನೆಯ ‘ಎಫ್’ (ಫ್ಲೋಟಿಂಗ್) ತೇಲು. ‘ಬ್ಯಾಕಿಂಗ್’ ಬಂದೇ ಬರುತ್ತದೆ: ರೀಲಿಗೆ ಮೊದಲು ಸುತ್ತುವ 20 ಪೌಂಡ್ ತಾಳುವ ಡೇಕ್ರಾನ್ (ಪಾಲಿಯೆಸ್ಟರ್) ದಾರ, ಬೋನ್‌ಫಿಶ್‌ಗೆ 200 ಗಜದಷ್ಟು. ‘ಅಡಿದಾರ’ ಅನ್ನಿ. ಮತ್ತೆ ‘ನೊಣ’ ಖಂಡಿತ ಬೇಡ. ಬೋನ್‌ಫಿಶ್‌ಗೆ ಕಟ್ಟುವುದು ಸೀಗಡಿ, ಏಡಿಯ ಹೋಲಿಕೆ.
— ರಾ.

> ಲೈನಿಗಲ್ಲ

ಹಾಗಾದರೆ ‘ಲೈನ್’ ಕನ್ನಡವೋ? ಬಸ್ಸು, ಕಾರು ಬಿಟ್ಟುಕೊಟ್ಟೆವು, ಈಗ ಗಾಳದ ದಾರವನ್ನೂ ಬಿಡೋಣ.
— ಸು.

ಲೈನ್ ಕಡಿದಾಗ ಅಂಗಡಿಯಲ್ಲಿ ಏನೆಂದು ಕೇಳುತ್ತೀರಿ?
— ರಾ.

ಸದ್ಯಕ್ಕೆ: ‘ಬಿಸಿಗಡಲ ಫ್ಲೈ ಲೈನ್: ಮುಂಭಾರ, 8, ತೇಲು. ಗಡಸು ತಿರುಳು. ಎಸೆಯುವ ಮುಂಚೆ ಎಳೆದು ಸುರುಳಿಪಟ್ಟು ಬಿಡಿಸಿ. ಸೊಳ್ಳೆ ಔಷಧಿಯ ಕೈ ತಾಗಿಸಬೇಡಿ, ಹೊದಿಕೆ ಹಾಳಾಗುತ್ತದೆ. ಕೊನೆಗೆ ಸಿಹಿನೀರಲ್ಲಿ ತೊಳೆಯಿರಿ.’ ಎರೆಯ ಜಗಳ ಮುಂದಿನ ಮುದ್ರಣಕ್ಕೆ.
— ವೀ.