ಹೊಸ ಟೈರಿನಲ್ಲಿ ಉಬ್ಬು ಬಂದರೆ ದೋಷ ಯಾರದು, ಮುಂದೆ ಯಾವ ಕಂಪನಿಯನ್ನು ನಂಬುವುದು?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಿಂದ ಕೊಪ್ಪ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ದಿನವೂ 150 ಸಿಸಿ ಬೈಕಿನಲ್ಲಿ ಹೋಗಿಬರುತ್ತೇನೆ. ದಾರಿಯ ಒಂದಷ್ಟು ಭಾಗ ರಾಷ್ಟ್ರೀಯ ಹೆದ್ದಾರಿ 169. ಉಳಿದದ್ದು ತೋಟಗಳ ನಡುವೆ ಹಾದುಹೋಗುವ, ಮಳೆಗಾಲ ಮುಗಿಯುವಷ್ಟರಲ್ಲಿ ಜಲ್ಲಿಯೆಲ್ಲ ಕಿತ್ತುಬರುವ ರಸ್ತೆ. ಕಳೆದ ಬೇಸಿಗೆಯಲ್ಲಿ ಹಿಂದಿನ ಚಕ್ರಕ್ಕೆ ಹೊಸ ಟ್ಯೂಬ್‌ಲೆಸ್ ಟೈರು ಹಾಕಿಸಿದ್ದೆ. ಈಗ ಅದರ ಸೈಡ್‌ವಾಲಿನಲ್ಲಿ, ಅಂದರೆ ಪಕ್ಕದ ಗೋಡೆಯಲ್ಲಿ, ರಸ್ತೆಗೆ ತಾಗುವ ಬಟನ್‌ಗಳು ಶುರುವಾಗುವ ಅಂಚಿಗೆ ಹತ್ತಿರದಲ್ಲಿ, ಗೋಟಡಿಕೆಯ ಗಾತ್ರದ ಉಬ್ಬೊಂದು ಎದ್ದಿದೆ. ಬಟನ್‌ಗಳೇನೂ ಸವೆದಿಲ್ಲ. ಗಂಟೆಗೆ 40 ಕಿಲೋಮೀಟರ್ ದಾಟಿದರೆ ಗಾಡಿಯ ಹಿಂಭಾಗ ಸಣ್ಣಗೆ ಕುಣಿಯುತ್ತದೆ.

ಟೈರು ಮಾರಿದ ಅಂಗಡಿಯವರು ನೋಡಿದ ತಕ್ಷಣವೇ “ಗುಂಡಿಗೆ ಬಿದ್ದಿದೆ, ವಾರಂಟಿ ಬರುವುದಿಲ್ಲ” ಎಂದುಬಿಟ್ಟರು. ನನಗೆ ಎಲ್ಲಿಯೂ ಜೋರಾಗಿ ಬಡಿದ ನೆನಪಿಲ್ಲ. ಕಂಪನಿ ಹೆಸರಾಂತದ್ದೇ, ಕಾರಣ ಇನ್ನೂ ಇತ್ಯರ್ಥವಾಗದಿರುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಉಬ್ಬು ತಯಾರಿಕೆಯ ದೋಷವೋ ರಸ್ತೆಯ ಪೆಟ್ಟೋ ಎಂಬುದನ್ನು ನಾವೇ ತಿಳಿಯುವ ಬಗೆ ಯಾವುದು? ಮುಂದಿನ ಟೈರನ್ನು ಯಾವ ಕಂಪನಿಯದು ಕೊಳ್ಳಬೇಕು? ಸಹೋದ್ಯೋಗಿಯೊಬ್ಬರು ಎಂಆರ್‌ಎಫ್ ಬಿಟ್ಟು ಬೇರೆಯದನ್ನು ಮುಟ್ಟಬೇಡಿ ಎನ್ನುತ್ತಾರೆ, ನಮ್ಮ ಮೆಕ್ಯಾನಿಕ್ ಟಿವಿಎಸ್ ಎನ್ನುತ್ತಾರೆ, ತಮ್ಮನಿಗೆ ಮಿಷಲಿನ್ ಅಲ್ಲದೆ ಬೇರೊಂದು ಟೈರೇ ಅಲ್ಲ.

ಉತ್ತರ: ಶಿವಮೊಗ್ಗದ ಟೈರ್ ಫಿಟ್ಟರ್

ಮೇಷ್ಟ್ರೇ, ಮೊದಲು ಆ ಟೈರಿನ ಮೇಲೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಗಾಳಿಯ ಒತ್ತಡವನ್ನು ತಡೆದು ಹಿಡಿಯುವುದು ಹೊರಗೆ ಕಾಣುವ ರಬ್ಬರಲ್ಲ, ಅದರೊಳಗೆ ಪದರ ಪದರವಾಗಿ ಹಾಸಿರುವ ನೈಲಾನ್ ದಾರ. ಉಬ್ಬು ಎದ್ದಿದೆ ಎಂದರೆ ಆ ಜಾಗದಲ್ಲಿ ದಾರ ತುಂಡಾಗಿದೆ, ಇಲ್ಲವೇ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿವೆ. ಎರಡೂ ಸಂದರ್ಭಗಳಲ್ಲಿ ಅದು ಒಡೆಯುವ ಮೊದಲು ಮುನ್ಸೂಚನೆ ಕೊಡುತ್ತದೆ ಎಂದು ನಂಬಿಕೊಂಡಿರುವಂತಿಲ್ಲ, ಒಡೆದರೆ ಒಮ್ಮೆಗೇ ಒಡೆಯುತ್ತದೆ. ಇದಕ್ಕೆ ಒಳಗಿನಿಂದ ಪ್ಯಾಚ್ ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ, ಅವರ ಮಾತಿಗೆ ಒಪ್ಪಬೇಡಿ.

ಕಾರಣ ತಿಳಿಯಲು ಟೈರನ್ನು ರಿಮ್ಮಿನಿಂದ ಬಿಚ್ಚಿಸಿ ಒಳಮೈಯನ್ನು ಬೆಳಕಿನಲ್ಲಿ ನೋಡಲೇಬೇಕು. ಹೊರಗಿನಿಂದ ನೋಡಿ ತೀರ್ಪು ಕೊಡುವವರು ಅಂಗಡಿಯವರೇ ಆಗಲಿ, ಕಂಪನಿಯವರೇ ಆಗಲಿ, ಊಹೆ ಮಾಡುತ್ತಿದ್ದಾರೆ ಅಷ್ಟೆ. ಗುಂಡಿಯ ಅಂಚಿಗೆ ಬಡಿದಾಗ ಟೈರು ರಸ್ತೆಗೂ ರಿಮ್ಮಿನ ತುಟಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಹಾಗಾಗಿದ್ದರೆ ಉಬ್ಬಿನ ನೇರಕ್ಕೆ ಒಳಗಡೆ ದಾರ ಹರಿದ ಗೆರೆ ಕಾಣುತ್ತದೆ. ಬೆರಳಾಡಿಸಿದರೆ ಅಲ್ಲಿ ತಗ್ಗು ಸಿಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದೇ ಜಾಗದಲ್ಲಿ ರಿಮ್ಮಿನ ಅಂಚು ಕೂಡ ಒಳಕ್ಕೆ ಬಾಗಿರುತ್ತದೆ. ತಯಾರಿಕೆಯ ದೋಷವಾದರೆ ಒಳಮೈ ನುಣುಪಾಗಿಯೇ ಇದ್ದು, ದಾರ ಹರಿದಿರುವುದಿಲ್ಲ. ಟೈರನ್ನು ಬೇಯಿಸುವಾಗ ಪದರಗಳ ನಡುವೆ ಗಾಳಿಯೋ ತೇವವೋ ಕಸವೋ ಉಳಿದು, ಅಲ್ಲಿ ಅಂಟು ಸರಿಯಾಗಿ ಕೂಡದೆ, ಓಡಿ ಬಿಸಿಯಾದಂತೆಲ್ಲ ಆ ಜಾಗ ಅಗಲವಾಗುತ್ತಾ ಹೋಗಿರುತ್ತದೆ. ಇದು ಸಾಮಾನ್ಯವಾಗಿ ಟೈರು ಹೊಸದಿದ್ದಾಗಲೇ, ಬಟನ್ ಸವೆಯುವ ಮೊದಲೇ ಕಾಣಿಸಿಕೊಳ್ಳುತ್ತದೆ.

ಮೂರನೆಯ ಸಾಧ್ಯತೆಯೂ ಇದೆ. ನಮ್ಮ ಕಡೆ ಬಿದಿರು ಮುಳ್ಳಿನ ಪಂಕ್ಚರುಗಳು ಹೆಚ್ಚು. ಪಂಕ್ಚರ್ ಮುಚ್ಚಲು ಹೊರಗಿನಿಂದ ರಬ್ಬರ್ ಸ್ಟ್ರಿಪ್ ತುರುಕಿದ ಜಾಗ ಬಟನ್‌ಗಳ ನಡುಭಾಗದಲ್ಲಿ ಇರದೆ ಅಂಚಿಗೆ ಇದ್ದರೆ, ಅಲ್ಲಿಂದ ಗಾಳಿ ಪದರಗಳ ನಡುವೆ ನುಸುಳಿ ಉಬ್ಬು ಎಬ್ಬಿಸಬಲ್ಲದು. ಹಾಗೆಯೇ ಗಾಳಿ ಕಡಿಮೆ ಇಟ್ಟು ಹಿಂಬದಿ ಸವಾರರೊಂದಿಗೆ ಬಹುಕಾಲ ಓಡಿಸಿದ್ದರೆ ಒಳಗೋಡೆಯ ಸುತ್ತಲೂ ಸುಕ್ಕು ಸುಕ್ಕಾದ ಉಂಗುರವೂ, ಕೆಲವೊಮ್ಮೆ ಕಪ್ಪು ರಬ್ಬರ್ ಪುಡಿಯೂ ಸಿಗುತ್ತವೆ. ಕಂಪನಿಯವರು ಪರೀಕ್ಷೆಯಲ್ಲಿ ಮೊದಲು ಹುಡುಕುವುದೇ ಇದನ್ನು.

ಕುಣಿತದ ವಿಷಯ ಬೇರೆ. ಕುಣಿದ ಟೈರೆಲ್ಲ ಕೆಟ್ಟ ಟೈರಲ್ಲ. ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೆ ಸುತ್ತಲೂ ಒಂದು ತೆಳುವಾದ ಗೆರೆ ಅಚ್ಚಾಗಿರುತ್ತದೆ. ಆ ಗೆರೆ ರಿಮ್ಮಿನಿಂದ ಎಲ್ಲ ಕಡೆಯೂ ಒಂದೇ ಅಂತರದಲ್ಲಿ ಇರಬೇಕು. ಒಂದು ಕಡೆ ಒಳಗೆ ಹೂತಿದ್ದರೆ ಟೈರು ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಹಚ್ಚಿ, ಮತ್ತೆ ಗಾಳಿ ಹಿಡಿಸಿದರೆ ಸರಿಹೋಗುತ್ತದೆ. ಈ ಒಂದು ಕಾರಣಕ್ಕೆ ಒಳ್ಳೆಯ ಟೈರನ್ನು ಬೈದು ವಾಪಸು ತಂದವರನ್ನು ನಾನು ಬಹಳ ಸಲ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು

ಬಿಚ್ಚಿಸಿ ನೋಡಿದೆ. ರಿಮ್ಮು ಎಲ್ಲಿಯೂ ಬಾಗಿಲ್ಲ. ಒಳಮೈ ನುಣುಪಾಗಿದೆ, ದಾರ ಹರಿದ ಗುರುತಿಲ್ಲ, ಸುಕ್ಕಿನ ಉಂಗುರವಿಲ್ಲ. ಈ ಟೈರಿಗೆ ಇದುವರೆಗೆ ಪಂಕ್ಚರೇ ಆಗಿಲ್ಲ. ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಹಾಗಾದರೆ ಇದು ತಯಾರಿಕೆಯ ದೋಷವೇ ಎಂದು ಹಿಡಿಯಬಹುದಲ್ಲವೇ? ಅಂಗಡಿಯವರು ಒಪ್ಪದಿದ್ದರೆ ಏನು ಮಾಡಲಿ?

ಉತ್ತರ: ಶಿವಮೊಗ್ಗದ ವಕೀಲರು

ನಿಮ್ಮ ವಿವರಣೆ ಸರಿಯಿದ್ದರೆ ನಿಮ್ಮ ಪರವಾಗಿ ಒಳ್ಳೆಯ ಸಾಕ್ಷ್ಯವಿದೆ. ಮಾರಾಟಗಾರರ ಬಾಯಿಮಾತಿನ “ಬರುವುದಿಲ್ಲ” ಎಂಬುದು ಕಂಪನಿಯ ನಿರ್ಧಾರವಲ್ಲ. ಬಿಲ್ಲಿನ ಪ್ರತಿ, ಟೈರಿನ ಮೇಲಿರುವ ಕ್ರಮಸಂಖ್ಯೆ ಮತ್ತು ಫೋಟೋಗಳೊಂದಿಗೆ ಲಿಖಿತ ಕ್ಲೇಮ್ ದಾಖಲಿಸಿಕೊಳ್ಳುವಂತೆ ಡೀಲರನ್ನು ಕೇಳಿ; ಅವರು ಒಪ್ಪದಿದ್ದರೆ ಅದನ್ನೇ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿ. ತಾಂತ್ರಿಕ ಪರೀಕ್ಷೆ ನಡೆಸಿ ಲಿಖಿತ ವರದಿ ಕೊಡಬೇಕೆಂದು ಆ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ದೋಷ ಒಪ್ಪಿಕೊಂಡರೂ ಪೂರ್ತಿ ಹಣ ಸಿಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಉಳಿದಿರುವ ಬಟನ್ ಆಳವನ್ನು ಅಳೆದು, ಸವೆದ ಭಾಗದ ಬೆಲೆಯನ್ನು ಕಳೆದು ಲೆಕ್ಕ ಹಾಕುತ್ತಾರೆ. ಟೈರನ್ನು ಅವರಿಗೆ ಒಪ್ಪಿಸುವಾಗ ಸ್ವೀಕೃತಿ ಚೀಟಿ ಪಡೆಯುವುದನ್ನು ಮರೆಯಬೇಡಿ, ಏಕೆಂದರೆ ನಿಮ್ಮ ಸಾಕ್ಷ್ಯವೇ ಆ ಟೈರು.

ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಹಳಷ್ಟು ಸಣ್ಣ ವ್ಯಾಜ್ಯಗಳಿಗೆ ಅಷ್ಟು ಸಾಕು. ಅದರಾಚೆಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕಾರಣ ಉಂಟಾದಂದಿನಿಂದ 2 ವರ್ಷದೊಳಗೆ ಸಲ್ಲಿಸಬೇಕು, 5 ಲಕ್ಷ ರೂಪಾಯಿವರೆಗಿನ ಮೌಲ್ಯಕ್ಕೆ ಶುಲ್ಕವಿಲ್ಲ.

ಉತ್ತರ: ಹೊಸನಗರದ ಸವಾರ

ಯಾವ ಕಂಪನಿಯನ್ನು ನಂಬುವುದು ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಟೈರಿನದು ತಯಾರಿಕೆಯ ದೋಷವೇ ಎಂದು ನಾಳೆ ಸಾಬೀತಾದರೂ, ಅದರಿಂದ ಆ ಕಂಪನಿ ಕೆಟ್ಟದ್ದು ಎಂದು ತೀರ್ಮಾನಿಸಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಟೈರಿನ ದೋಷಗಳು ಹೆಚ್ಚಾಗಿ ಒಂದು ಕಾರ್ಖಾನೆಗೆ, ಒಂದು ಮಾದರಿಗೆ, ಒಂದು ಕಾಲದ ಬ್ಯಾಚಿಗೆ ಅಂಟಿಕೊಂಡಿರುತ್ತವೆ. ಅಮೆರಿಕದಲ್ಲಿ 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡ ಪ್ರಕರಣವನ್ನು ನೋಡಿ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಓಡುವಾಗಲೇ ಟೈರಿನ ಮೇಲ್ಪದರ ಕಳಚಿ ಬರುತ್ತಿತ್ತು. ವಿಚಾರಣೆಯಲ್ಲಿ ಬೆರಳು ತೋರಿಸಿದ್ದು ಮುಖ್ಯವಾಗಿ ಇಲಿನಾಯ್ ರಾಜ್ಯದ ಡೆಕೇಟರ್ ಕಾರ್ಖಾನೆಯ ಕಡೆಗೆ. ಟೈರಿನಲ್ಲಿ ಇರಬೇಕಾದುದಕ್ಕಿಂತ ಕಡಿಮೆ ಗಾಳಿ ಮತ್ತು ಬಿಸಿಲ ಸೆಕೆ ಕೂಡ ಆ ದೋಷವನ್ನು ಉಲ್ಬಣಗೊಳಿಸಿದ್ದವು. ಅದು ನೂರು ವರ್ಷದ, ಮನೆಮಾತಾಗಿದ್ದ ಹೆಸರು.

ಹೆಸರಿನ ವಿಷಯಕ್ಕೆ ಬಂದರೆ ಇನ್ನೊಂದು ಮಾತು. ನಮ್ಮ ತಂದೆಯವರ ಪೀಳಿಗೆಗೆ ಮೈಸೂರಿನ ವಿಕ್ರಾಂತ್ ಎಂದರೆ ನಮ್ಮ ರಾಜ್ಯದ ಟೈರು ಎಂಬ ಅಭಿಮಾನವಿತ್ತು. 1997ರಲ್ಲಿ ಅದು ಜೆಕೆ ಕಂಪನಿಯ ಪಾಲಾಯಿತು. ಸಿಯೆಟ್ ಹುಟ್ಟಿದ್ದು 1924ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ, ಭಾರತಕ್ಕೆ ಬಂದದ್ದು 1958ರಲ್ಲಿ, ಇಲ್ಲಿಯ ಆರ್‌ಪಿಜಿ ಸಮೂಹದ ಕೈಸೇರಿದ್ದು 1982ರಲ್ಲಿ. ಎಂಆರ್‌ಎಫ್ 1946ರಲ್ಲಿ ಮದರಾಸಿನಲ್ಲಿ ಆಟಿಕೆ ಬಲೂನು ತಯಾರಿಸುವುದರಿಂದ ಶುರುವಾದದ್ದು. ಹೆಸರು ಹಾಗೆಯೇ ಉಳಿದು ಒಡೆತನ, ಕಾರ್ಖಾನೆ, ತಂತ್ರಜ್ಞಾನ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಸ್ವದೇಶಿಯೋ ವಿದೇಶಿಯೋ ಎಂಬ ಚರ್ಚೆಯನ್ನು ಚಹಾ ಅಂಗಡಿಗೆ ಬಿಟ್ಟು, ಯಾವ ಮಾದರಿ ಎಂದು ಕೇಳುವುದು ಮೇಲು.

ಒಂದೇ ಕಂಪನಿ ಮೈಲೇಜಿಗೆಂದು ಗಟ್ಟಿ ರಬ್ಬರಿನದನ್ನೂ ಹಿಡಿತಕ್ಕೆಂದು ಮೆತ್ತನೆಯದನ್ನೂ ಮಾಡುತ್ತದೆ. ಹೊಸ ಗಾಡಿಯೊಂದಿಗೆ ಬರುವ ಕಂಪನಿ ಟೈರು ಬಹುತೇಕ ಮೊದಲನೆಯ ಬಗೆಯದು, ಏಕೆಂದರೆ ಅದು ಪೆಟ್ರೋಲನ್ನೂ ಉಳಿಸಬೇಕು, ಬಹುದಿನ ಬಾಳಲೂಬೇಕು. ಬಯಲುಸೀಮೆಯವರಿಗೆ ಅದು ಸರಿಹೋಗಬಹುದು. ನಾನು ಹುಲಿಕಲ್ ಘಾಟಿಯಲ್ಲಿ ಓಡಾಡುವವನು. ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯ ಬದಿಯವರು ನೀವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಿರುವಿನ ನೆರಳಲ್ಲಿ ಪಾಚಿ, ಅದರ ಮೇಲೆ ಕೊಳೆತ ಎಲೆ, ತೋಟದ ಗಾಡಿಗಳು ಹೊತ್ತುತಂದ ಕೆಮ್ಮಣ್ಣು. ಇಲ್ಲಿ ಟೈರು ಕೆಲವು ಸಾವಿರ ಕಿಲೋಮೀಟರ್ ಮೊದಲೇ ಸವೆದರೂ ಚಿಂತೆಯಿಲ್ಲ, ನೀರಿನಲ್ಲಿ ಹಿಡಿಯಬೇಕು. ಸಿಲಿಕಾ ಬೆರೆಸಿದ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚು. ನೀರು ಹೊರಹೋಗಲು ಆಳವಾದ, ಅಂಚಿನವರೆಗೂ ಹರಿಯುವ ಕಾಲುವೆಗಳಿರಬೇಕು. ಕಾನೂನು ದ್ವಿಚಕ್ರಕ್ಕೆ 0.8 ಮಿಲಿಮೀಟರ್ ಆಳವನ್ನು ಕನಿಷ್ಠ ಮಿತಿಯೆಂದು ಒಪ್ಪುತ್ತದೆಯಾದರೂ, ಅಷ್ಟು ಬೋಳಾಗುವವರೆಗೆ ಮಳೆಗಾಲದಲ್ಲಿ ಕಾಯುವುದು ಮಲೆನಾಡಿನಲ್ಲಿ ಹುಚ್ಚುತನ.

ಉತ್ತರ: ಸಾಗರದಿಂದ

ಹೊಸನಗರದವರ ಮಾತನ್ನು ಅರ್ಧ ಒಪ್ಪುತ್ತೇನೆ. ಮಾದರಿ ಮುಖ್ಯ, ನಿಜ. ಆದರೆ ದೋಷ ಬಂದಾಗ ಉತ್ತರ ಕೊಡುವವರು ಯಾರು ಎಂಬುದು ಕಂಪನಿಯ ಮೇಲೆಯೇ ನಿಂತಿದೆ. ಎಷ್ಟೇ ಒಳ್ಳೆಯ ಟೈರಾದರೂ, ಅದರ ಅಧಿಕೃತ ಡೀಲರ್ ಬೆಂಗಳೂರಿನಲ್ಲಿ ಮಾತ್ರ ಇದ್ದರೆ, ಸಾಗರದಲ್ಲಿ ಕೂತ ನನಗೆ ಅದರ ವಾರಂಟಿ ಕಾಗದಕ್ಕೆ ಬೆಲೆ ಏನು? ನಾನು ನಮ್ಮೂರಿನ ಡೀಲರುಗಳಲ್ಲಿ ಯಾರು ಕ್ಲೇಮನ್ನು ಮುಂದಕ್ಕೆ ಕಳುಹಿಸುತ್ತಾರೆ ಎಂದು ವಿಚಾರಿಸಿ, ಅವರು ಮಾರುವ ಕಂಪನಿಗಳಲ್ಲಿ ಆರಿಸಿಕೊಳ್ಳುತ್ತೇನೆ. ಈಗ ಮೇಷ್ಟ್ರ ಕ್ಲೇಮಿಗೆ ಆ ಕಂಪನಿ ಹೇಗೆ ಸ್ಪಂದಿಸುತ್ತದೆಯೋ ಅದನ್ನು ನೋಡಿಕೊಂಡೇ ಅದನ್ನು ಮತ್ತೆ ನಂಬಬೇಕೋ ಬೇಡವೋ ಎಂದು ನಿರ್ಧರಿಸಬಹುದು.

ಇನ್ನು ಐಎಸ್‌ಐ ಗುರುತಿಲ್ಲದ ಟೈರನ್ನು ಉಚಿತವಾಗಿ ಕೊಟ್ಟರೂ ಹಾಕಿಸಬಾರದು. ದ್ವಿಚಕ್ರದ ಟೈರುಗಳಿಗೆ ಅನ್ವಯಿಸುವ ಮಾನಕ ಐಎಸ್ 15627. ಬೋಳು ಟೈರಿಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ಗೆರೆ ಕೊರೆದು ಮಾರುವವರೂ ಇದ್ದಾರೆ. ಗೆರೆಯ ತಳದಲ್ಲಿ ಸವೆತದ ಗುರುತಿನ ಸಣ್ಣ ದಿಬ್ಬಗಳು ಕಾಣದಿದ್ದರೆ ಅಥವಾ ತುಂಡಾಗಿದ್ದರೆ ಅನುಮಾನಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕ್ಲೇಮ್ ಕಾಗದ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅದು ಇತ್ಯರ್ಥವಾಗುವವರೆಗೆ ಗಾಡಿ ನಿಲ್ಲಿಸಲಾಗದು, ಆದ್ದರಿಂದ ಈ ವಾರವೇ ಬೇರೆ ಟೈರು ಕೊಳ್ಳಬೇಕಾಗಿದೆ. ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಏನು? ಇನ್ನೂ ಸ್ವಲ್ಪ ಅಗಲದ್ದನ್ನು ಹಾಕಿಸಿ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಶಿವಮೊಗ್ಗದ ಟೈರ್ ಫಿಟ್ಟರ್

ಅಗಲದ್ದು ಬೇಡ. ನಿಮ್ಮ ರಿಮ್ಮಿನ ಅಗಲಕ್ಕೆ ಮೀರಿದ ಟೈರು ಹಾಕಿದರೆ ಅದರ ಮೈ ಹಿಸುಕಿದಂತಾಗಿ ತಿರುವಿನಲ್ಲಿ ಹಿಡಿತದ ರೂಪವೇ ಬದಲಾಗುತ್ತದೆ. ಚೈನಿಗೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ತಾಗುವುದೂ ಉಂಟು. ಗಾಡಿಯ ಕೈಪಿಡಿಯಲ್ಲಿರುವ ಅಳತೆಯನ್ನೇ ಕೇಳಿ. ಉದಾಹರಣೆಗೆ 100/90-17 55ಪಿ ಎಂದಿದ್ದರೆ, ಕೊನೆಯ 55 ಎಂಬುದು ಆ ಟೈರು 218 ಕಿಲೋ ಹೊರಬಲ್ಲದು ಎಂಬುದನ್ನೂ, ಪಿ ಎಂಬುದು ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿಯನ್ನೂ ಸೂಚಿಸುತ್ತವೆ. ಇವೆರಡರಲ್ಲಿ ಯಾವುದೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆಯದು ಆಗಬಾರದು.

ತಯಾರಾದ ದಿನಾಂಕ ನೋಡಿ. ಸೈಡ್‌ವಾಲಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 3523 ಎಂದಿದ್ದರೆ 2023ರ 35ನೆಯ ವಾರ. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತದ್ದನ್ನು, ಅದರಲ್ಲೂ ಬಿಸಿಲು ಬೀಳುವ ಕಡೆ ಅಥವಾ ಓಜೋನ್ ಹೊರಬರುವ ವಿದ್ಯುತ್ ಮೋಟಾರುಗಳ ಪಕ್ಕದಲ್ಲಿ ಇಟ್ಟದ್ದನ್ನು ಬೇಡವೆನ್ನಿ. ಸೈಡ್‌ವಾಲನ್ನು ಸ್ವಲ್ಪ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು ಬಾಯಿಬಿಡುತ್ತವೆಯೇ ನೋಡಿ. ಒಳಮೈಯಲ್ಲಿ ಗುಳ್ಳೆಗಳಿರಬಾರದು, ರಿಮ್ಮಿಗೆ ಕೂರುವ ಅಂಚಿನ ತಂತಿ ಎಲ್ಲಿಯೂ ಬಾಗಿರಬಾರದು. ಹಾಕಿಸುವಾಗ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೆ ಇರಲಿ, ಹಗುರ ಭಾಗವನ್ನು ತೋರಿಸುವ ಬಣ್ಣದ ಚುಕ್ಕೆಯಿದ್ದರೆ ಅದು ವಾಲ್ವಿನ ನೇರಕ್ಕೆ ಬರಲಿ. ವಾಲ್ವನ್ನೂ ಹೊಸದು ಹಾಕಿಸಿ. ಪಂಕ್ಚರ್ ತಡೆಯುವ ಜೆಲ್ ತುಂಬಿಸುವ ಮೊದಲು ವಾರಂಟಿ ಷರತ್ತು ಓದಿಕೊಳ್ಳಿ, ಕೆಲವು ಕಂಪನಿಗಳು ಅದನ್ನೇ ನೆಪವಾಗಿಸಿ ಕ್ಲೇಮ್ ತಿರಸ್ಕರಿಸುತ್ತವೆ.

ಗಾಳಿಯನ್ನು ಟೈರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮುನ್ನ, ಕೈಪಿಡಿಯಲ್ಲಿ ಹೇಳಿದಷ್ಟೇ ಇಡಿ. ಮಳೆಗಾಲಕ್ಕೆಂದು ಇಳಿಸುವುದು ಬೇಡ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 100ರಿಂದ 150 ಕಿಲೋಮೀಟರ್ ಗಾಡಿಯನ್ನು ಹೆಚ್ಚು ಓರೆ ಮಾಡದೆ, ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ. ಸಾಧ್ಯವಾದರೆ ಮಳೆಯಿಲ್ಲದ ಭಾನುವಾರ ನೋಡಿಕೊಂಡು ಹಾಕಿಸಿ.