ಹಕ್ಕಿಯ ಕಾಲಿನ ‘ಬ್ಯಾಂಡ್’: ಉಂಗುರವೋ, ಕಡಗವೋ, ಓಲೆಯೋ?

ಮಾನ್ಯರೇ,

ಉತ್ತರ ಅಮೆರಿಕದಲ್ಲಿ ವಸಂತದ ವಲಸೆಯ ಹೊತ್ತಿಗೆ ಹಮ್ಮಿಂಗ್‌ಬರ್ಡ್‌ಗಳನ್ನು ಹಿಡಿದು, ಕಾಲಿಗೆ ಅಂಕಿಯಿರುವ ಅಲ್ಯೂಮಿನಿಯಂ ಸುರುಳಿಯೊಂದನ್ನು ಹಾಕಿ, ಅಳತೆ ತೂಕಗಳನ್ನು ಬರೆದುಕೊಂಡು ಮತ್ತೆ ಹಾರಬಿಡುವ ಕೆಲಸದ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಮೆರಿಕದಲ್ಲಿ ‘ಬ್ಯಾಂಡಿಂಗ್’ ಎಂದೂ ಇಂಗ್ಲೆಂಡಿನಲ್ಲಿ ‘ರಿಂಗಿಂಗ್’ ಎಂದೂ ಹೇಳುವ ಈ ಕೆಲಸಕ್ಕೆ ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ‘ಉಂಗುರ ತೊಡಿಸುವುದು’ ಎಂದು ಬರೆಯುತ್ತವೆ. ಈ ಪ್ರಯೋಗ ನನಗೆ ಸಮಾಧಾನ ತಂದಿಲ್ಲ. ಏಕೆಂದು ವಿವರಿಸಿ, ಬದಲಿಗೆ ತೋಚಿರುವ ಒಂದು ಪದವನ್ನು ಮುಂದಿಟ್ಟು, ಬಲ್ಲವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ. ಅದಕ್ಕೆ ಹೊಂದಿಕೊಂಡ ಇನ್ನೂ ಕೆಲವು ಪದಗಳ ಪ್ರಸ್ತಾಪವೂ ಕೆಳಗಿದೆ.

ಪದಕ್ಕೆ ಮೊದಲು ವಸ್ತುವನ್ನು ನೋಡಬೇಕು. ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಕೆಂಪುಗೊರಳಿನ ಹಮ್ಮಿಂಗ್‌ಬರ್ಡ್ ಸುಮಾರು 3 ಗ್ರಾಂ ತೂಗುತ್ತದೆ. ಅದರ ಕಾಲು ಬೆಂಕಿಕಡ್ಡಿಗಿಂತ ಸಪೂರ. ಉಳಿದ ಹಕ್ಕಿಗಳಿಗೆ ಹಾಕುವ ಬಳೆಗಳು ಕಾರ್ಖಾನೆಯಿಂದಲೇ ಬಾಗಿಸಿ ತಯಾರಾಗಿ ಬರುತ್ತವೆ. ಹಮ್ಮಿಂಗ್‌ಬರ್ಡಿನದು ಹಾಗಲ್ಲ. ಅಂಕಿಗಳನ್ನು ಸಾಲು ಸಾಲಾಗಿ ಅಚ್ಚೊತ್ತಿದ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ಬರುತ್ತದೆ; ಅದನ್ನು ಪರವಾನಗಿ ಪಡೆದವರು ತಾವೇ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಅಂಕಿಯ ತುಂಡನ್ನೂ ಬೇರೆ ಮಾಡಿ, ಅಂಚನ್ನು ಉಜ್ಜಿ ನಯಗೊಳಿಸಿ, ಸಣ್ಣ ಅಚ್ಚಿನ ಮೇಲೆ ಸುತ್ತಿ ಇಟ್ಟುಕೊಳ್ಳುತ್ತಾರೆ. ಸುತ್ತಿದ ಮೇಲೆ ಅದರ ತೂಕ ಒಂದು ಗ್ರಾಂನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ದೊಡ್ಡ ಬಳೆಗಳ ಮೇಲಿರುವಷ್ಟು ಉದ್ದದ ಸಂಖ್ಯೆಗೆ ಅಲ್ಲಿ ಜಾಗವಿಲ್ಲವಾದ್ದರಿಂದ ಒಂದು ರೋಮನ್ ಅಕ್ಷರ ಮತ್ತು ಐದು ಅಂಕಿಗಳಷ್ಟೇ ಇರುತ್ತವೆ. ಅದನ್ನು ಓದಲು ಭೂತಗನ್ನಡಿ ಬೇಕು.

ಈಗ ‘ಉಂಗುರ’ದ ಮಾತು. ಕನ್ನಡದಲ್ಲಿ ಉಂಗುರ ಮುಖ್ಯವಾಗಿ ಬೆರಳಿನದು. ಕಾಲಿನ ಜೊತೆ ಸೇರಿದಾಗ ಅದು ‘ಕಾಲುಂಗುರ’ವಾಗಿ ನೇರವಾಗಿ ಮದುವೆಯ ಮಂಟಪಕ್ಕೆ ಹೋಗುತ್ತದೆ, ‘ಉಂಗುರ ತೊಡಿಸುವುದು’ ಎಂದರಂತೂ ನಿಶ್ಚಿತಾರ್ಥದ ಸಮಾರಂಭವೇ ನೆನಪಾಗುತ್ತದೆ. ಒಮ್ಮೆ ನಕ್ಕು ಮುಂದೆ ಹೋಗಬಹುದಾದ ತೊಡಕು ಇದು ಎಂದು ಕೆಲವರು ಹೇಳಬಹುದು. ಆದರೆ ನನ್ನ ಆಕ್ಷೇಪ ಬೇರೆ. ಉಂಗುರದಲ್ಲಿ ಬರಹವಿರಲೇಬೇಕೆಂಬ ಭಾವ ನಮ್ಮಲ್ಲಿಲ್ಲ. ಹಕ್ಕಿಯ ಕಾಲಿನ ಈ ಲೋಹದ ಸುರುಳಿಗೆ ಬೆಲೆ ಇರುವುದೇ ಅದರ ಮೇಲಿನ ಬರಹದಿಂದ. ಅಂಕಿ ಅಳಿಸಿಹೋದರೆ ಅದು ಬರಿಯ ಲೋಹದ ಚೂರು. ‘ಕಡಗ’, ‘ಬಳೆ’, ‘ಅಂದುಗೆ’ ಎಂಬ ಪದಗಳಿಗೂ ಇದೇ ಕೊರತೆ. ‘ಪಟ್ಟಿ’ ಎಂದರೆ ಗಾಯಕ್ಕೆ ಕಟ್ಟುವುದೋ ದಿನಸಿಯ ಯಾದಿಯೋ ಆಗುತ್ತದೆ. ಅದೂ ಅಲ್ಲದೆ ಹಕ್ಕಿಗಳ ವಿಷಯದಲ್ಲಿ ‘ಪಟ್ಟೆ’ ಎಂಬುದು ಗರಿಯ ಮೇಲಿನ ಗೆರೆಗೆ ಈಗಾಗಲೇ ಮೀಸಲಾಗಿದೆ. ಹಳಗನ್ನಡದ ‘ತೊಡರು’ ನೋಡಲು ಚೆನ್ನ, ವೀರರು ಬಿರುದಿನ ಗುರುತಾಗಿ ಕಾಲಿಗೆ ಹಾಕಿಕೊಳ್ಳುತ್ತಿದ್ದ ಆಭರಣ ಅದು. ಆದರೆ ಅದೇ ಪದಕ್ಕೆ ಅಡ್ಡಿ, ಸಿಕ್ಕು ಎಂಬ ಅರ್ಥವೂ ಇರುವುದರಿಂದ, ಹಕ್ಕಿಗೆ ತೊಂದರೆಯಾಗಬಾರದೆಂದು ಇಷ್ಟೆಲ್ಲ ಎಚ್ಚರ ವಹಿಸುವ ಕೆಲಸಕ್ಕೆ ಅದನ್ನು ಇಡುವುದು ವಿಪರೀತವಾದೀತು.

ಪರಿಹಾರ ಸಿಕ್ಕಿದ್ದು ದನದ ಕೊಟ್ಟಿಗೆಯಲ್ಲಿ. ಹಸು ಎಮ್ಮೆಗಳ ಕಿವಿಗೆ ಪಶುವೈದ್ಯ ಇಲಾಖೆಯವರು ಹಾಕುವ ಹಳದಿ ಬಣ್ಣದ, ಹನ್ನೆರಡು ಅಂಕಿಗಳ ಪ್ಲಾಸ್ಟಿಕ್ ಬಿಲ್ಲೆಯನ್ನು ನಮ್ಮಲ್ಲಿ ‘ಕಿವಿಯೋಲೆ’ ಎನ್ನುವ ರೂಢಿ ಬಂದಿದೆ. ‘ಓಲೆ’ ಎಂದರೆ ಮೊದಲಿಗೆ ತಾಳೆಯ ಗರಿ. ಅದರ ಮೇಲೆ ಕಂಟದಿಂದ ಬರೆದರೆ ಕಾಗದ, ಪತ್ರ. ಅದನ್ನೇ ಸುರುಳಿ ಸುತ್ತಿ ಕಿವಿಯ ತೂತಿಗೆ ಸೇರಿಸಿದರೆ ಒಡವೆ. ಬರಹ, ಸುರುಳಿ, ತೊಡುಗೆ ಎಂಬ ಮೂರೂ ಅರ್ಥಗಳನ್ನು ಒಟ್ಟಿಗೆ ಹೊತ್ತಿರುವ ಇಂಥ ಪದ ಇನ್ನೊಂದು ನನಗೆ ಕಾಣಲಿಲ್ಲ. ಹಮ್ಮಿಂಗ್‌ಬರ್ಡಿಗೆ ಹಾಕುವುದೂ ಬರಹವಿರುವ ತೆಳುಹಾಳೆಯನ್ನು ಕತ್ತರಿಸಿ ಸುತ್ತಿದ ಸುರುಳಿಯೇ. ಆದ್ದರಿಂದ ಕಿವಿಗೆ ಕಿವಿಯೋಲೆ ಆದಂತೆ ಕಾಲಿಗೆ ‘ಕಾಲೋಲೆ’ ಏಕಾಗಬಾರದು? ಕಾಲು, ಓಲೆ ಎರಡೂ ಅಚ್ಚಗನ್ನಡ. ಸಂಧಿಯೂ ಸರಳವಾದ ಲೋಪಸಂಧಿ.

ಓಲೆಗೆ ಪತ್ರವೆಂಬ ಅರ್ಥವಿರುವುದು ಇಲ್ಲಿ ಇನ್ನೊಂದು ಬಗೆಯಲ್ಲೂ ಒದಗಿಬರುತ್ತದೆ. ಡೆನ್ಮಾರ್ಕಿನ ವಿಬೋರ್ಗ್ ಎಂಬ ಊರಿನ ಶಾಲಾ ಉಪಾಧ್ಯಾಯ ಹಾನ್ಸ್ ಕ್ರಿಶ್ಚಿಯನ್ ಮೋರ್ಟೆನ್ಸೆನ್ 1899ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಅಲ್ಯೂಮಿನಿಯಂ ಬಳೆ ಹಾಕಿ ಈ ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟಾಗ ಅಂಕಿಯ ಜೊತೆಗೆ ಊರಿನ ಹೆಸರನ್ನೂ ಅಚ್ಚು ಹಾಕಿಸಿದ್ದರು. ಸಿಕ್ಕವರು ಎಲ್ಲಿಗೆ ತಿಳಿಸಬೇಕೆಂಬುದು ಅದರಿಂದ ಗೊತ್ತಾಗುತ್ತಿತ್ತು. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಾಕಿಸಿದ ಬಳೆಗಳ ಮೇಲೂ ಸಂಸ್ಥೆಗೆ ತಿಳಿಸಿ ಎಂಬ ಒಕ್ಕಣೆ ಇತ್ತು. ಇವೆಲ್ಲ ಸಿಕ್ಕವರ ಹೆಸರಿಗೆ ಬರೆದ ಓಲೆಗಳೇ ತಾನೇ? ಹಮ್ಮಿಂಗ್‌ಬರ್ಡಿನ ಸುರುಳಿಯಲ್ಲಿ ಒಕ್ಕಣೆಗೆ ಸ್ಥಳವಿಲ್ಲದಿದ್ದರೂ ಅದರ ಅಂಕಿ ಮೇರಿಲ್ಯಾಂಡ್ ರಾಜ್ಯದ ಪಟುಕ್ಸೆಂಟಿನಲ್ಲಿರುವ ಸರ್ಕಾರಿ ಬ್ಯಾಂಡಿಂಗ್ ಪ್ರಯೋಗಾಲಯದ ದಫ್ತರದಲ್ಲಿ ದಾಖಲಾಗಿರುತ್ತದೆ.

ಅದರಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. 2010ರ ಜನವರಿಯಲ್ಲಿ ಫ್ಲಾರಿಡಾದ ಟಲಹಾಸಿಯಲ್ಲಿ ಖಂಡದ ಪಶ್ಚಿಮದಲ್ಲಿ ಗೂಡು ಕಟ್ಟುವ ರೂಫಸ್ ಎಂಬ ಇನ್ನೊಂದು ಜಾತಿಯ ಹೆಣ್ಣು ಹಮ್ಮಿಂಗ್‌ಬರ್ಡ್ ಒಂದರ ಕಾಲಿಗೆ ಈ ಸುರುಳಿ ಹಾಕಿದರು. ಅದೇ ವರ್ಷದ ಜೂನ್ ಕೊನೆಯಲ್ಲಿ ಅದು ಅಲಾಸ್ಕಾದ ಚೆನೀಗಾ ಬೇ ಎಂಬಲ್ಲಿ ಇನ್ನೊಬ್ಬ ಪರವಾನಗಿದಾರರ ಕೈಗೆ ಸಿಕ್ಕಿತು. ನಡುವಿನ ನೇರ ದೂರವೇ 3,500 ಮೈಲಿಗೂ ಹೆಚ್ಚು. ಚಳಿಗಾಲದಲ್ಲಿ ಆಗ್ನೇಯ ರಾಜ್ಯಗಳಲ್ಲಿ ಕಾಣಿಸುತ್ತಿದ್ದ ರೂಫಸ್‌ಗಳು ದಾರಿ ತಪ್ಪಿ ಬಂದ, ಮರಳಿ ಹೋಗಲಾರದ ಹಕ್ಕಿಗಳೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಸುರುಳಿಯ ಮೇಲಿನ ಒಂದು ಅಕ್ಷರ, ಐದು ಅಂಕಿಗಳ ಬಲದಿಂದ ಇಂಥ ಹಕ್ಕಿ ತನ್ನ ಗೂಡಿನ ನಾಡಿಗೆ ಮರಳಬಲ್ಲದೆಂಬುದು ಖಚಿತವಾಯಿತು.

‘ಕಾಲೋಲೆ’ಗೆ ಬರಬಹುದಾದ ಆಕ್ಷೇಪಗಳೂ ನನಗೆ ಕಾಣುತ್ತಿವೆ. ಕಾಲುಂಗುರಕ್ಕೆ ಮದುವೆಯ ನಂಟು ಎಂದು ದೂರಿದವನು ‘ಓಲೆಭಾಗ್ಯ’ವನ್ನು ಮರೆತನೇ ಎಂದು ಯಾರಾದರೂ ಕೇಳಿಯಾರು. ನಿಜ, ಅಲ್ಲಿ ಓಲೆ ಎಂದರೆ ಮುತ್ತೈದೆತನವೇ. ಆದರೆ ಹಸುವಿನ ಕಿವಿಯೋಲೆ ಎಂದಾಗ ಆ ನೆನಪು ಯಾರಿಗೂ ಆಗುವುದಿಲ್ಲ. ಅಂಕಿಯ ಬಿಲ್ಲೆ ಎಂಬ ಅರ್ಥ ಅಲ್ಲಿ ಆಗಲೇ ನೆಲೆಯೂರಿದೆ. ಕಾಲದ ಓಲೆ ಎಂದು ಬಿಡಿಸಿಕೊಳ್ಳುವ ಸಾಧ್ಯತೆ ಇನ್ನೊಂದು. ವಾಕ್ಯದಲ್ಲಿ ಹಕ್ಕಿಯೂ ಇರುವುದರಿಂದ ಅಂಥ ಗೊಂದಲ ಕಡಿಮೆ ಎಂದುಕೊಂಡಿದ್ದೇನೆ. ಇನ್ನು ಕ್ರಿಯಾಪದವಾಗಿ ‘ಕಾಲೋಲೆ ಹಾಕು’ ಸಾಕು, ‘ತೊಡಿಸು’ ಬೇಡ ಎಂಬುದು ನನ್ನ ಅಭಿಪ್ರಾಯ. ಸಾಲಂಕೃತ ಹಕ್ಕಿಗಳ ಬಗ್ಗೆ ನಾವು ಬರೆಯುತ್ತಿಲ್ಲ.

ನಾನು ಚರ್ಚಿಸಬೇಕೆಂದಿರುವ ಎರಡನೆಯ ಪದ ‘ಮಾನಿಟರಿಂಗ್’. ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ಮೇಲ್ವಿಚಾರಣೆ’, ‘ಉಸ್ತುವಾರಿ’ ಎಂದು ಬರೆದುಬಿಡುತ್ತಾರೆ. ಮೇಲ್ವಿಚಾರಣೆ ಕೂಲಿಯಾಳುಗಳದ್ದು, ಉಸ್ತುವಾರಿ ಜಿಲ್ಲಾ ಮಂತ್ರಿಗಳದ್ದು. ಹಕ್ಕಿಗಳ ಮೇಲೆ ಇಬ್ಬರ ಅಧಿಕಾರವೂ ನಡೆಯದು. ‘ಕಣ್ಗಾವಲು’ ಎಂದರೆ ಪೊಲೀಸರ ಸಿಸಿ ಕ್ಯಾಮೆರಾ. ಇಲ್ಲಿ ನಡೆಯುವುದು ಕಾವಲೂ ಅಲ್ಲ, ಒಂದು ಸಲದ ಎಣಿಕೆಯೂ ಅಲ್ಲ. ಅರಿಜೋನಾದಲ್ಲಿ 2002ರಲ್ಲಿ ಆರಂಭವಾದ ಹಮ್ಮಿಂಗ್‌ಬರ್ಡ್ ಮಾನಿಟರಿಂಗ್ ನೆಟ್‌ವರ್ಕ್‌ನ ಪದ್ಧತಿಯನ್ನೇ ನೋಡಿ: ಗೊತ್ತುಪಡಿಸಿದ ತಾಣದಲ್ಲಿ ಎರಡು ವಾರಕ್ಕೊಮ್ಮೆ, ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ಕೆಲಸ ಶುರುಮಾಡಿ ಐದು ಗಂಟೆ ಕಾಲ ಮುಂದುವರಿಸಬೇಕು, ಅಳೆಯುವ ಕ್ರಮವೂ ಬದಲಾಗಬಾರದು. ಆಗ ಮಾತ್ರ ಒಂದು ವರ್ಷದ ಲೆಕ್ಕವನ್ನು ಇನ್ನೊಂದು ವರ್ಷದ್ದರೊಡನೆ ಹೋಲಿಸಲು ಬರುತ್ತದೆ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಕ್ರಮ ಎಂಬ ಈ ಅರ್ಥವೇ ಇಲ್ಲಿ ಮುಖ್ಯ. ಒಂಟಿ ಪದವೇ ಬೇಕೆಂದಾದರೆ ‘ನಿಗಾ’ ಹತ್ತಿರದ್ದು. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ದಲ್ಲಿ ನಿಯತವಾಗಿ ನೋಡಿ ಬರೆದಿಡುವ ಅರ್ಥ ಅದಕ್ಕೆ ಬಂದಿದೆ. ಗಂಭೀರ ಬರಹದಲ್ಲಿ ‘ನಿಯತ ಅವಲೋಕನ’ ಎಂಬುದು ಇನ್ನೂ ಒಪ್ಪೀತು.

‘ವಾಲಂಟಿಯರ್’ಗೆ ‘ಸ್ವಯಂಸೇವಕ’ ಇದ್ದೇ ಇದೆ, ಅದನ್ನು ಬಿಡಬೇಕಾದ ಕಾರಣವಿಲ್ಲ. ಆದರೆ ‘ಸ್ವಯಂಸೇವಕರು ಕಾಲೋಲೆ ಹಾಕಿದರು’ ಎಂದು ಬರೆದರೆ ಸಂಗತಿ ತಪ್ಪಾಗುತ್ತದೆ. ಕಾಲೋಲೆ ಹಾಕುವ ಕೈ ಒಂದೇ, ಅದು ಫೆಡರಲ್ ಸರ್ಕಾರದ ಪರವಾನಗಿ ಪಡೆದವರದು ಅಥವಾ ಅವರ ಹೊಣೆಯಲ್ಲಿ ತರಬೇತಾದವರದು. ಹಮ್ಮಿಂಗ್‌ಬರ್ಡಿಗಾದರೆ ಪರವಾನಗಿಯಲ್ಲಿ ಪ್ರತ್ಯೇಕ ಅನುಮತಿ ಇರಬೇಕು. ಉಳಿದವರ ಕೆಲಸ ಅದರ ಸುತ್ತ. ಸ್ಯಾನ್ ಪೆಡ್ರೊ ನದಿಯ ದಂಡೆಯಲ್ಲಿ ಆಗ್ನೇಯ ಅರಿಜೋನಾದ ಪಕ್ಷಿ ವೀಕ್ಷಣಾಲಯದವರು ನಡೆಸಿಕೊಂಡು ಬಂದಂಥ ಶಿಬಿರಗಳಲ್ಲಿ ಸಕ್ಕರೆನೀರಿನ ಬುಡ್ಡಿಯನ್ನು ಜಾಲರಿಯ ಪಂಜರದೊಳಗೆ ತೂಗಿಬಿಟ್ಟಿರುತ್ತಾರೆ. ಒಬ್ಬರು ದಾರ ಹಿಡಿದು ಕುಳಿತಿದ್ದು, ಹಕ್ಕಿ ಒಳಗೆ ಹೋದೊಡನೆ ಬಾಗಿಲು ಬೀಳಿಸುತ್ತಾರೆ. ಇನ್ನೊಬ್ಬರು ಅದನ್ನು ಮೆಲ್ಲಗೆ ಜಾಲರಿ ಚೀಲಕ್ಕೆ ಹಾಕಿ ಮೇಜಿಗೆ ತರುತ್ತಾರೆ. ಪರವಾನಗಿದಾರರು ಕಾಲೋಲೆ ಹಾಕಿ, ರೆಕ್ಕೆ, ಕೊಕ್ಕು, ಬಾಲಗಳನ್ನು ಅಳೆದು, ಕೊಕ್ಕಿನ ಮೇಲೆ ಸಣ್ಣ ಗೀರುಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಗೀರುಗಳಿದ್ದರೆ ಅದು ಆ ವರ್ಷದ ಮರಿ. ಸಪೂರ ಕೊಳವೆಯಿಂದ ಎದೆಯ ಗರಿಗಳ ಮೇಲೆ ಉಸಿರು ಊದಿದರೆ ಚರ್ಮದಡಿಯ ಹಳದಿ ಕೊಬ್ಬು ಎಷ್ಟಿದೆಯೆಂದು ಕಾಣುತ್ತದೆ. ಪರವಾನಗಿದಾರರು ಹೇಳಿದ್ದನ್ನೆಲ್ಲ ಮೇಜಿನ ಆಚೆ ಕುಳಿತವರು ಬರೆದುಕೊಂಡು, ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿ ತಾಳೆ ನೋಡುತ್ತಾರೆ. ಬಿಡುವ ಮೊದಲು ಹಕ್ಕಿಯ ಕೊಕ್ಕನ್ನು ಸಕ್ಕರೆನೀರಿಗೆ ಹಿಡಿಯುವುದು ಮತ್ತೊಬ್ಬರ ಕೆಲಸ. ದಾರ ಹಿಡಿಯುವವರು, ತರುವವರು, ಬರೆಯುವವರು, ಉಣಿಸುವವರು ಎಂದು ಹೀಗೆ ಕೆಲಸದಿಂದಲೇ ಹೆಸರಿಸಿದರೆ ಕನ್ನಡ ಸಹಜವಾಗಿಯೂ ಇರುತ್ತದೆ, ಸಂಗತಿಯೂ ಕೆಡುವುದಿಲ್ಲ.

ಒಮ್ಮೆ ಕಾಲೋಲೆಯನ್ನೋ ಬೇರೆ ಗುರುತನ್ನೋ ಹಾಕಿದ ಹಕ್ಕಿ ಮತ್ತೆ ಸಿಗುವುದಕ್ಕೆ ಎರಡು ಬೇರೆ ಪದಗಳು ಬೇಕು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೆ ಬಂದಾಗ ಅವುಗಳ ಗುರುತನ್ನು ದಡದಲ್ಲಿ ನಿಂತು ದುರ್ಬೀನಿನಲ್ಲೇ ಓದಿದ್ದುಂಟು. ಅದು ‘ಮರುನೋಟ’. ಹಮ್ಮಿಂಗ್‌ಬರ್ಡಿನ ಅಂಕಿಯನ್ನು ಹಾಗೆ ಓದಲಾಗದು, ಮತ್ತೆ ಹಿಡಿಯಲೇಬೇಕು. ಅದಕ್ಕೆ ‘ಮರುಸೆರೆ’ ಎಂದು ಬರೆದವರಿದ್ದಾರೆ. ಸೆರೆಮನೆ ನೆನಪಾಗುವುದರಿಂದ ‘ಮರುಹಿಡಿತ’ ಮೇಲು ಎನಿಸುತ್ತದೆ.

‘ಸ್ಪ್ರಿಂಗ್ ಮೈಗ್ರೇಷನ್’ ಎಂಬುದನ್ನು ‘ವಸಂತದ ವಲಸೆ’ ಎಂದರೆ ಕೆಂಪುಗೊರಳಿನ ಹಕ್ಕಿಗೆ ಸರಿಹೋಗುತ್ತದೆ. ಅದು ಮಾರ್ಚ್ ಹೊತ್ತಿಗೆ ಮೆಕ್ಸಿಕೊ ಕೊಲ್ಲಿಯ ಉತ್ತರದ ಕರಾವಳಿಗೆ ಬಂದಿಳಿದು, ಗಂಡುಗಳು ಮುಂದಾಗಿ ಹೆಣ್ಣುಗಳು ಹಿಂದಾಗಿ, ಮೇ ವೇಳೆಗೆ ಕೆನಡಾ ಮುಟ್ಟುತ್ತದೆ. ನಮ್ಮ ಚೈತ್ರ ವೈಶಾಖಗಳಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಎಡವುವುದು ರೂಫಸ್ ವಿಷಯದಲ್ಲಿ. ಅದು ಫೆಬ್ರವರಿಯಲ್ಲೇ ಪೆಸಿಫಿಕ್ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೊರಡುತ್ತದೆ, ಗಂಡುಗಳು ಜೂನ್ ಕೊನೆ ಜುಲೈ ಎನ್ನುವಷ್ಟರಲ್ಲಿ ರಾಕಿ ಪರ್ವತಗಳ ದಾರಿಯಾಗಿ ದಕ್ಷಿಣಕ್ಕೆ ತಿರುಗಿರುತ್ತವೆ. ನಡುಬೇಸಿಗೆಯ ಈ ಹಿಂದಿರುಗುವಿಕೆಯನ್ನು ‘ಶರತ್ಕಾಲದ ವಲಸೆ’ ಎನ್ನುವುದು ಹೇಗೆ? ಋತುವಿನ ಬದಲು ದಿಕ್ಕನ್ನೇ ಹಿಡಿದು ‘ಬಡಗುವಲಸೆ’, ‘ತೆಂಕುವಲಸೆ’ ಎಂದರೆ ಎರಡು ಹಕ್ಕಿಗಳಿಗೂ ಹೊಂದುತ್ತದೆ.

ಹಕ್ಕಿಯ ಹೆಸರನ್ನು ಮಾತ್ರ ‘ಹಮ್ಮಿಂಗ್‌ಬರ್ಡ್’ ಎಂದೇ ಉಳಿಸಿಕೊಂಡಿದ್ದೇನೆ. ಅದು ಅಮೆರಿಕ ಖಂಡಗಳ ಆಚೆ ಎಲ್ಲಿಯೂ ಇಲ್ಲ. ನಮ್ಮ ಹಿತ್ತಿಲಿನ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಹಮ್ಮಿಂಗ್‌ಬರ್ಡ್ ಎನ್ನುವ ತಪ್ಪು ಬಳಕೆ ಈಗಾಗಲೇ ಸಾಕಷ್ಟು ಹರಡಿರುವಾಗ, ಅದಕ್ಕೊಂದು ಝೇಂಕಾರದ ಹೊಸ ಹೆಸರಿಟ್ಟು ಗೊಂದಲ ಹೆಚ್ಚಿಸುವುದು ಬೇಡವೆನಿಸಿತು.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ದನಗಳ ‘ಕಿವಿಯೋಲೆ’ಗೆ ಕರಾವಳಿಯಲ್ಲಿ, ಕಲಬುರಗಿ ಬೀದರ ಕಡೆ ಬೇರೆ ಹೆಸರುಗಳಿದ್ದರೆ ದಯವಿಟ್ಟು ತಿಳಿಸಿ. ಪಾರಿವಾಳದ ಪಂದ್ಯ ನಡೆಸುವ ಬೆಂಗಳೂರಿನವರು ಮರಿಯ ಕಾಲಿಗೆ ಹಾಕುವ ಬಳೆಯನ್ನು ‘ರಿಂಗ್’ ಎನ್ನುತ್ತಾರೆ. ಅವರಲ್ಲಿ ಹಳಬರು ಬಳಸುವ ಕನ್ನಡ ಅಥವಾ ದಖನಿ ಪದವೇನಾದರೂ ಇದೆಯೇ? ಹಾಗೆಯೇ ಅಮೆರಿಕದಲ್ಲಿ ಇಂಥ ಶಿಬಿರಗಳಿಗೆ ಹೋಗಿ ಬರುವ ಕನ್ನಡಿಗರು ಮನೆಯಲ್ಲಿ ಮಕ್ಕಳಿಗೆ ಇದನ್ನು ಯಾವ ಪದದಿಂದ ವಿವರಿಸುತ್ತಾರೆ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.