ಅಜ್ಜನ ಮನೆಯ ಮರದ ಪ್ರೊಪೆಲ್ಲರ್: ಪಾಲಿಶ್ ಮಾಡಿಸಲಾ, ಹಾಗೇ ಮಾರಲಾ?

ಹಾಸನದ ಮೊಮ್ಮಗಳು: ಅಜ್ಜನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ವಿಮಾನದ ಮರದ ಪ್ರೊಪೆಲ್ಲರ್ ಸಿಕ್ಕಿತು. ಎರಡು ಬ್ಲೇಡ್, ಉದ್ದ ಆರು ಅಡಿ ಚಿಲ್ಲರೆ. ತುದಿಗಳಿಗೆ ಹಿತ್ತಾಳೆ ತಗಡು ಹೊಡೆದಿದ್ದಾರೆ. ಹಬ್ (ಬ್ಲೇಡುಗಳ ನಡುವಿನ ದಪ್ಪ ಭಾಗ) ಮೇಲಿನ ಅಕ್ಷರ ಮಾಸಿದೆ, ‘ಎಲ್ ಎಚ್’ ಮಾತ್ರ ಓದಲು ಬರುತ್ತದೆ. ಗುಜರಿಯವರು 20 ಸಾವಿರ ಕೊಡುತ್ತೇನೆ ಎಂದಿದ್ದಾರೆ. ಇಂಗ್ಲೆಂಡಿನಲ್ಲಿರುವ ಅಣ್ಣ ಕಳಿಸು ಎನ್ನುತ್ತಾನೆ. ಅನುಭವ ಇದ್ದವರು ಹೇಳಿ.

ಓಹಾಯೋ ರಾಯರು: ಪಾಲಿಶ್ ಎಂಬ ಮಾತೇ ಬೇಡ ತಾಯಿ! ಇಲ್ಲಿ ನಾನು ಒಂದನೇ ಮಹಾಯುದ್ಧದ ಕಾಲದ ಜರ್ಮನ್ ಪ್ರೊಪೆಲ್ಲರ್ ತೆಗೆದುಕೊಂಡೆ, ಗರುಡ ಕಂಪನಿಯದು. 1,450 ಡಾಲರ್, ಸಾಗಿಸಲು ಇನ್ನೂ 310. ಡಬ್ಬ ಬಿಚ್ಚಿದರೆ ಮೈಯೆಲ್ಲ ಗಾಜಿನ ಹಾಗೆ ಹೊಳೆಯುತ್ತಿದೆ. ಫೋಟೊದಲ್ಲಿ ಬ್ಲೇಡಿನ ಮೇಲೆ ಕಾಣುತ್ತಿದ್ದ ಲೇಬಲ್ ಮಾಯ! ಕಳಿಸುವ ಮೊದಲು ‘ಚಂದ ಮಾಡಿಸೋಣ’ ಅಂತ ಮಾರಿದವನು ಉಜ್ಜಿಸಿಬಿಟ್ಟಿದ್ದಾನೆ. ಹಬ್ಬಿನ ಸ್ಟಾಂಪ್ ಅರ್ಧ ಸವೆದಿದೆ. ವಾಪಸ್ ತಗೋ ಎಂದರೆ ಸಾಗಣೆ ಖರ್ಚು ನಿನ್ನದೇ ಎಂದ. ಈಗ 600 ಡಾಲರಿಗಿಂತ ಜಾಸ್ತಿ ಯಾರೂ ಕೇಳುತ್ತಿಲ್ಲ. ನೂರು ವರ್ಷ ಉಳಿದಿದ್ದ ಗುರುತನ್ನು ಒಂದು ಮಧ್ಯಾಹ್ನದಲ್ಲಿ ತೆಗೆದುಹಾಕಿದನಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಲ್ಲೇಶ್ವರದ ಮಾವ: ಎಲ್ಲರೂ ಮಾರುವುದಕ್ಕೇ ಇಟ್ಟುಕೊಳ್ಳುತ್ತಾರಾ ರಾಯರೇ? ನಮ್ಮದು ಪುಷ್ಪಕ್ ವಿಮಾನದ್ದು. ಎಚ್‌ಎಎಲ್‌ನ ಪುಷ್ಪಕ್ ಮೊದಲು ಹಾರಿದ್ದು 1958ರಲ್ಲಿ, 90 ಎಚ್‌ಪಿ ಕಾಂಟಿನೆಂಟಲ್ ಎಂಜಿನ್. ನಮ್ಮ ತಂದೆ ತಂದಾಗ ಪದರಗಳ ನಡುವೆ ಅಂಟು ಬಿಟ್ಟು ಬೆರಳುಗುರು ಹೋಗುವಷ್ಟು ಸಂದಿ. ಹಾಗೇ ಬಿಟ್ಟಿದ್ದರೆ ಸೌದೆ. ಆಚಾರಿಗೆ 9,000, ಅಂಟು ಮತ್ತು ಕ್ಲಾಂಪ್ ಬಾಡಿಗೆ 2,350, ಪಾಲಿಶ್‌ಗೆ 4,800, ಗೋಡೆಗೆ ಕಬ್ಬಿಣದ ಕೊಕ್ಕೆ 1,100. ಬಂದವರೆಲ್ಲ ಅದರ ಮುಂದೆ ನಿಂತು ನೋಡುತ್ತಾರೆ. ನನಗೆ ಅದೇ ಬೆಲೆ.

ಓಹಾಯೋ ರಾಯರು: ಅಂಟು ಹಾಕಿಸಿದ್ದು ಸರಿ ಮಾವ. ಆದರೆ ಹಳೇ ವಾರ್ನಿಷ್ ಯಾಕೆ ತೆಗೆಸಬೇಕಿತ್ತು?

ಮಲ್ಲೇಶ್ವರದ ಮಾವ: ತೆಗೆಸಿದೆ ಅಂತ ಎಲ್ಲಿ ಬರೆದಿದ್ದೇನೆ? ಓದದೆ ಮಾತಾಡಬೇಡಿ.

ದಾವಣಗೆರೆ ಟೀಚರ್: ನಿಮ್ಮದಾದರೂ ಅಸಲಿ. ನಾನು ಆನ್‌ಲೈನ್‌ನಲ್ಲಿ ‘ಬ್ರಿಟಿಷರ ಕಾಲದ್ದು’ ಅಂತ 38,000 ಕೊಟ್ಟೆ. ಮರದ ಪೆಟ್ಟಿಗೆಗೆ 1,800, ಲಾರಿಗೆ 4,200, ಆಟೋದವನು 350. ಬಂದದ್ದು ಶೋ ಪೀಸ್! ಅಸಲಿಯಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಿರುತ್ತಾರೆ, ಬ್ಲೇಡಿನ ಮೇಲೆ ಪದರದ ಗೆರೆಗಳು ಬಳುಕಿಕೊಂಡು ಹೋಗುತ್ತವೆ. ನನ್ನದರಲ್ಲಿ ಒಂದು ಗೆರೆಯಿಲ್ಲ, ಇಡೀ ಮಾವಿನ ಮರ. ಬ್ಲೇಡಿನ ಎರಡೂ ಮುಖ ಒಂದೇ ಥರ ಉಬ್ಬು. ಮಧ್ಯ ಒಂದು ತೂತು, ಸುತ್ತ ಬೋಲ್ಟ್ ತೂತೇ ಇಲ್ಲ. ಅದು ಎಂಜಿನ್ನಿಗೆ ಕೂರುವುದಾದರೂ ಹೇಗೆ? ಹಿತ್ತಾಳೆ ತುದಿಯಲ್ಲಿ ತೇವ ಹೊರಗೆ ಹೋಗಲು ಸೂಜಿ ತೂತುಗಳೂ ಇರಲಿಲ್ಲ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು.

ಜಕ್ಕೂರು ಹಕ್ಕಿ: ಟೀಚರ್, ತುದಿ ತೂತು ಇಲ್ಲದ ಮಾತ್ರಕ್ಕೆ ನಕಲಿ ಅನ್ನಬೇಡಿ. ತಗಡೇ ಇಲ್ಲದ ಅಸಲಿಗಳೂ ಇವೆ.

ದಾವಣಗೆರೆ ಟೀಚರ್: ಅದೊಂದನ್ನೇ ನೋಡಿ ಹೇಳಿದೆನಾ? 38 ಸಾವಿರ ಹೋಗಿದ್ದು ನನ್ನದು, ನಿಮ್ಮದಲ್ಲ.

ಲಾ ಪಾಯಿಂಟ್: ಇಂಗ್ಲೆಂಡಿಗೆ ಕಳಿಸುವ ಮಾತು ಬಂದಿದೆ, ಹುಷಾರು. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ನನ್ನ ಷಡ್ಡಕನ ಹಳೇ ಗಡಿಯಾರ ಕಸ್ಟಮ್ಸ್‌ನಲ್ಲಿ ಕೂತು, ಏಜೆಂಟ್ ಫೀಸು, ಗೋಡೌನ್ ಬಾಡಿಗೆ ಅಂತ 17,600 ಕೈಬಿಟ್ಟಿತು. ಗಡಿಯಾರದ ಬೆಲೆಯೇ ಅಷ್ಟಿರಲಿಲ್ಲ.

ಜಕ್ಕೂರು ಹಕ್ಕಿ: ಸುಮ್ನೆ ಹೆದರಿಸಬೇಡಿ ಸ್ವಾಮಿ. ಪ್ರಶ್ನೆ ಓದಿದಿರಾ? ಎಲ್ ಎಚ್ ಅಂದರೆ ಲೆಫ್ಟ್ ಹ್ಯಾಂಡ್, ಎಡಕ್ಕೆ ತಿರುಗುವುದು. ಉದ್ದ ಆರಡಿ ಚಿಲ್ಲರೆ. ನನಗೆ ಟೈಗರ್ ಮಾತ್ ವಿಮಾನದ್ದೇ ಅನ್ನಿಸುತ್ತದೆ. ಅದರ ಜಿಪ್ಸಿ ಮೇಜರ್ ಎಂಜಿನ್ ಪೈಲಟ್ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ. ಪುಷ್ಪಕ್‌ನದು ಬಲಕ್ಕೆ. ಟೈಗರ್ ಮಾತ್ ಮೊದಲು ಹಾರಿದ್ದೇ 1931ರಲ್ಲಿ. ನೂರು ವರ್ಷ ಎಲ್ಲಿಂದ ಬಂತು?

ಲಾ ಪಾಯಿಂಟ್: ಅದು ನಿಮ್ಮ ಅಂದಾಜು. ಕಸ್ಟಮ್ಸ್‌ನವರು ಕಾಗದ ಕೇಳುತ್ತಾರೆ. ಪುರಾತತ್ವ ಇಲಾಖೆಯಿಂದ ‘ಪ್ರಾಚೀನ ವಸ್ತು ಅಲ್ಲ’ ಅಂತ ಸರ್ಟಿಫಿಕೇಟ್ ಮಾಡಿಸಿಕೊಂಡೇ ಕಳಿಸಿ. ನೀವು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ದಂಡ ಕಟ್ಟುವವರು ಅವರು.

ಹಲಸೂರು ಗುಜರಿ ಭಕ್ತ: ನಾಲ್ಕು ಬ್ಲೇಡಿನದು ನನ್ನ ಹತ್ತಿರ ಇದೆ. ಗಿಡ್ಡ, ಅಗಲ, ಮೊಂಡು ಬ್ಲೇಡ್. 14,000 ಕೊಟ್ಟೆ, ಹೊರಲು ಇಬ್ಬರಿಗೆ 600. ಯುದ್ಧವಿಮಾನದ್ದು ಎಂದು ಹೇಳಿ ಕೊಟ್ಟರು.

ಜಕ್ಕೂರು ಹಕ್ಕಿ: ಅದು ಟೆಸ್ಟ್ ಕ್ಲಬ್ ಇರಬೇಕು. ಎಂಜಿನ್ನನ್ನು ನೆಲದ ಮೇಲೆ ಓಡಿಸಿ ಪರೀಕ್ಷೆ ಮಾಡಲು ಕಟ್ಟುವುದು. ಹಾರಿರುವುದಿಲ್ಲ.

ಮಲ್ಲೇಶ್ವರದ ಮಾವ: ಕೂಲಿಂಗ್ ಟವರ್ ಫ್ಯಾನ್ ಇದ್ದರೂ ಇರಬಹುದು. ಕಾರ್ಖಾನೆಗಳಲ್ಲಿ ಮರದ ಫ್ಯಾನ್ ಇದ್ದವು.

ಹಲಸೂರು ಗುಜರಿ ಭಕ್ತ: ಫ್ಯಾನ್ ಅಂತೆ! ಹಬ್ ಮೇಲೆ ಎಂಜಿನ್ ಹೆಸರೂ ಎಚ್‌ಪಿಯೂ ಒತ್ತಿದೆ. ಫ್ಯಾನಿಗೆ ಯಾರು ಒತ್ತುತ್ತಾರೆ?

ಜಕ್ಕೂರು ಹಕ್ಕಿ: ಹಾಗಾದರೆ ಖಂಡಿತ ಫ್ಯಾನ್ ಅಲ್ಲ. ಎಂಜಿನ್ ಹೆಸರು ಹಾಕಿ, ಮುಂದೆ ನೋಡೋಣ. ಹಾಸನದ ಅಕ್ಕಾ, ನೀವೂ ಹಬ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿ, ಮಾಸಿದ ಅಕ್ಷರ ಮೂಡುತ್ತದೆ. ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ನಿಲ್ಲಿಸಿ ಇಡದೆ ಅಡ್ಡ ಮಲಗಿಸಿ, ನಿಲ್ಲಿಸಿದರೆ ತೇವ ಕೆಳಗಿನ ಬ್ಲೇಡಿಗೆ ಇಳಿದು ತೂಕ ಕೆಡುತ್ತದೆ. ಅಕ್ಷರ ಓದಿಸುವವರೆಗೆ ಗುಜರಿಯವರ 20 ಸಾವಿರಕ್ಕೆ ಹೂಂ ಅನ್ನಬೇಡಿ.

ಮಲ್ಲೇಶ್ವರದ ಮಾವ: ನಮ್ಮದನ್ನು ನೇರ ನಿಲ್ಲಿಸಿಯೇ ನೇತುಹಾಕಿದ್ದೇವೆ, ಏನೂ ಆಗಿಲ್ಲ.

ಜಕ್ಕೂರು ಹಕ್ಕಿ: ಗೋಡೆಯ ಮೇಲಿದ್ದರೆ ಗೊತ್ತಾಗುವುದಿಲ್ಲ ಮಾವ, ಎಂಜಿನ್ನಿಗೆ ಕಟ್ಟಿ ತಿರುಗಿಸಿದರೆ ಗೊತ್ತಾಗುತ್ತದೆ.